ಬೆಂದ ತೊಲೆ, ಸುಟ್ಟ ತೊಲೆ

ನಮ್ಮ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು. ಅರಸೀಕೆರೆಯ ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟಾಗ ಹೆಣ್ಣೋ ಗಂಡೋ ಎಂದು ಕೇಳುವುದನ್ನೇ ಮರೆತುಬಿಟ್ಟಿದ್ದೆ. ಹೆಣ್ಣು. ತಲೆ ತುಂಬಾ ಕೂದಲು, ಮೂಗು ನಮ್ಮ ಕಡೆಯದು, ಬೆರಳು ಉದ್ದ. ಅಳು ಎಷ್ಟು ಗಟ್ಟಿ ಎಂದರೆ ಬೀದಿಯಲ್ಲಿ ಹೋಗುವವರು ನಿಂತು ಕೇಳಿ ಹೋಗುತ್ತಾರೆ. ಹೆಸರು ಇಟ್ಟಿದ್ದೇವೆ. ಇಲ್ಲಿ ಬರೆಯುವುದಿಲ್ಲ, ಕಣ್ಣು ಬಿದ್ದೀತು.

ಬಸ್ಸಿನಲ್ಲಿ ಪಕ್ಕ ಕೂತವರಿಗೂ ಈ ಸುದ್ದಿ ಹೇಳಿದ್ದೇನೆ, ಕೊಬ್ಬರಿ ನೋಡಲು ಬಂದ ವ್ಯಾಪಾರಿಗೂ ಹೇಳಿದ್ದೇನೆ. ಹಾಲಿನ ಡೇರಿಯಲ್ಲಿ ಸಾಲು ನಿಂತವರಿಗೆಲ್ಲ ಹೇಳಿ, ಎರಡನೇ ದಿನವೂ ಹೇಳಿ, ಕೇಳಿಸಿಕೊಂಡವರು ನಕ್ಕಿದ್ದಾರೆ. ಆದರೆ ಹೇಳುವಾಗ ಪ್ರತಿ ಸಲ ಒಂದು ಮಾತನ್ನು ನುಂಗಿಕೊಂಡಿದ್ದೇನೆ. ಕೂಸು ಮನೆಗೆ ಬಂದ ಮೇಲೆ, ಮುರಿಯಲು ಕಾದಿದ್ದ ಒಂದು ತೊಲೆಯ ಕೆಳಗೆ ಅದನ್ನೂ ಅದರ ತಾಯಿಯನ್ನೂ ನಾನು ನನ್ನ ಕೈಯಾರೆ ಮಲಗಿಸಿದ್ದೆ. ಆ ತೊಲೆಯನ್ನು ಹಾಗೆ ಮಾಡಿಟ್ಟವಳೂ ನಾನೇ.

ನಮ್ಮ ಮನೆ ಜಾವಗಲ್ಲಿಗೆ ಹತ್ತಿರದ ಹಳ್ಳಿಯಲ್ಲಿದೆ. ಈ ಕಡೆ ತೆಂಗು ಇಟ್ಟುಕೊಂಡವರ ಮನೆಯಲ್ಲಿ ಅಟ್ಟ ಇದ್ದೇ ಇರುತ್ತದೆ. ಕೆಡವಿದ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಅದು ಉಂಡೆ ಕೊಬ್ಬರಿ. ಅಷ್ಟು ಕಾಯಿಯ ಭಾರ ಹೊರುವುದು ಅಟ್ಟದ ಕೆಳಗಿನ ತೊಲೆಗಳು. ನಮ್ಮ ಮನೆಯಲ್ಲಿ ಐದು ತೊಲೆ ಇವೆ. ಅವುಗಳಲ್ಲಿ ಎರಡು ಒಂದೇ ಹಲಸಿನ ಮರದವು. ನಮ್ಮ ಮಾವನವರು ಹಿತ್ತಲ ಮರ ಕಡಿಸಿ, ಕಾಂಡವನ್ನು ಎರಡು ಮಾಡಿ ಕೊಯ್ಸಿ, ಒಂದನ್ನು ನಡುಮನೆಗೂ ಇನ್ನೊಂದನ್ನು ಬಚ್ಚಲ ಕೋಣೆಗೂ ಏರಿಸಿದರಂತೆ. ನಾನು ಮದುವೆಯಾಗಿ ಬಂದಾಗ ಎರಡೂ ಅಕ್ಕತಂಗಿಯರ ಹಾಗೆ ಒಂದೇ ಬಣ್ಣಕ್ಕಿದ್ದವು.

ಬಚ್ಚಲ ಕೋಣೆ ಎಂದರೆ ಈಗಿನ ಬಾತ್‌ರೂಮಿನ ಹಾಗಲ್ಲ. ಅಡುಗೆಮನೆಗೆ ಅಂಟಿಕೊಂಡ ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ನೀರು ಕಾಯಿಸುವ ಹಂಡೆ, ಅದರ ಕೆಳಗೆ ಒಲೆ, ಮುಂದೆ ಮೊಣಕಾಲೆತ್ತರದ ಕಟ್ಟೆ. ಉಳಿದ ಜಾಗ ಖಾಲಿ. ಮನೆಯಲ್ಲೆಲ್ಲ ಬೆಚ್ಚಗಿರುವ ಜಾಗ ಅದೇ ಆದ್ದರಿಂದ ಬಾಣಂತಿಯನ್ನು ಅಲ್ಲೇ ಮಲಗಿಸುವುದು, ಅಲ್ಲಿನ ತೊಲೆಗೇ ತೊಟ್ಟಿಲು ಕಟ್ಟುವುದು ನಮ್ಮ ಮನೆಯ ಪದ್ಧತಿ. ನಮ್ಮತ್ತೆ ತಮ್ಮ ಮಕ್ಕಳನ್ನು ತೂಗಿದ್ದು ಅಲ್ಲಿ. ನನ್ನ ಮಗಳನ್ನೂ ಆಮೇಲೆ ಮಗನನ್ನೂ ನಾನು ತೂಗಿದ್ದು ಅಲ್ಲಿ. ಮಗಳ ಮಗುವನ್ನೂ ಅಲ್ಲೇ ತೂಗಬೇಕೆಂದು ಒಂಬತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮಗಳಿಗೆ ನೋವಾಗುತ್ತಿತ್ತು.

ಇನ್ನು ನನ್ನ ಜಾಣತನದ ವಿಷಯ. ಮಳೆಗಾಲ ಬಂದರೆ ಅಟ್ಟದ ಕಾಯಿಗೆ ತಂಡಿ ಹಿಡಿಯುತ್ತದೆ, ಕೊಬ್ಬರಿ ಕಪ್ಪಾಗುತ್ತದೆ. ಎಲ್ಲರೂ ಅಟ್ಟದ ಕೆಳಗೆ ಆಗೀಗ ಸ್ವಲ್ಪ ಹೊಗೆ ಹಾಕುತ್ತಾರೆ. ಮಗಳು ಶಾಲೆಗೆ ಸೇರಿದ ವರ್ಷ ನನಗೆ ಒಂದು ಯೋಚನೆ ಬಂತು. ದಿನಾ ಬೆಳಿಗ್ಗೆ ಸಾಯಂಕಾಲ ಹಂಡೆ ಒಲೆ ಹೇಗೂ ಉರಿಯುತ್ತದೆ, ಆ ಬಿಸಿ ಸುಮ್ಮನೆ ಗೋಡೆಗೆ ಹೋಗುತ್ತದೆ, ಅದನ್ನು ಅಟ್ಟಕ್ಕೆ ಕಳಿಸಿದರೆ ಏನು? ಎಣ್ಣೆ ಡಬ್ಬಗಳನ್ನು ಬಿಚ್ಚಿಸಿ, ಬೆಸುಗೆ ಹಾಕಿಸಿ, ಒಲೆಯ ಬೆನ್ನಿನಿಂದ ಅಟ್ಟದ ಹಲಗೆಯ ಸಂದಿಯವರೆಗೆ ತಗಡಿನ ಒಂದು ಕೊಳವೆ ಮಾಡಿಸಿದೆ. ಕೊಳವೆ ತೊಲೆಗೆ ಒರಗಿಕೊಂಡೇ ಮೇಲೆ ಹೋಗುತ್ತಿತ್ತು, ಅದರ ಬಾಯಿಂದ ಬಂದ ಬಿಸಿ ತೊಲೆಯ ಉದ್ದಕ್ಕೂ ಹರಡುತ್ತಿತ್ತು. ಒಲೆಗೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪು. ಚಿಪ್ಪಿನ ಬೆಂಕಿಯ ಕಾವು ಸೌದೆಗೆ ಬರುವುದಿಲ್ಲ.

ಒಂದು ಒಲೆಗೆ ಎರಡು ಕೆಲಸ. ನಮ್ಮ ಕೊಬ್ಬರಿ ಊರಿನವರ ಕೊಬ್ಬರಿಗಿಂತ ತಿಂಗಳು ಮುಂಚೆ ಆಗುತ್ತಿತ್ತು, ಬೆಳ್ಳಗೂ ಇರುತ್ತಿತ್ತು. ಓದು ಬರಹ ಮೂರನೇ ಕ್ಲಾಸಿಗೆ ಬಿಟ್ಟವಳಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ನೆಂಟರು ಬಂದು ನೋಡಿ ಹೋಗಿದ್ದಾರೆ. ಸ್ನಾನದ ಹೊತ್ತಿನಲ್ಲಿ ಏಣಿ ಹತ್ತಿ ತೊಲೆ ಮುಟ್ಟಿದರೆ ಕೈ ಇಡಲಾಗುತ್ತಿರಲಿಲ್ಲ. ಅದೂ ನನಗೆ ಹೆಮ್ಮೆಯೇ. ಮರ ಹೊತ್ತಿಕೊಂಡರೆ ತಾನೆ ಅಪಾಯ, ಅದು ಹೊತ್ತಿಕೊಳ್ಳಲು ನಾನು ಬಿಡಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮೇಲೆ ಆ ತೊಲೆಗೆ ಒಂದು ಕಿಡಿ ಹಾರದಂತೆ ನೋಡಿಕೊಂಡೆ. ಬಣ್ಣ ಮಾತ್ರ ವರ್ಷ ವರ್ಷ ಏರಿ, ಹಳೇ ಬೆಲ್ಲದ ಬಣ್ಣಕ್ಕೆ ಬಂತು. ನೋಡಲು ಚೆನ್ನಾಗಿಯೇ ಇತ್ತು, ಎಣ್ಣೆ ಕುಡಿಸಿದ ಹಾಗೆ.

ಬೆಂಕಿ ಬಿದ್ದಿದ್ದು ನಡುಮನೆಯ ತೊಲೆಗೆ. ಮಗ ಹೈಸ್ಕೂಲು ಓದುತ್ತಿದ್ದಾಗ ನಮ್ಮ ಯಜಮಾನರು ಸೊಳ್ಳೆ ಕಾಟಕ್ಕೆಂದು ಮಟ್ಟೆಗೆ ಕೆಂಡ ಹಾಕಿ ಹೊಗೆ ಎಬ್ಬಿಸಿ, ಆ ಬೋಗುಣಿಯನ್ನು ನಡುಮನೆಯಲ್ಲಿ ಮಟ್ಟೆ ರಾಶಿಯ ಪಕ್ಕವೇ ಇಟ್ಟು ಹೊರಗೆ ಹೋದರು. ರಾಶಿ ಹೊತ್ತಿತು. ಉರಿ ನೇರವಾಗಿ ತೊಲೆಯನ್ನು ನೆಕ್ಕಿತು. ಊರವರು ಕೊಡ ಹಿಡಿದು ಬರುವಷ್ಟರಲ್ಲಿ ತೊಲೆಯ ಹೊಟ್ಟೆ ಇದ್ದಿಲಿನ ಹಾಗಾಗಿತ್ತು, ಮೊಸಳೆ ಬೆನ್ನಿನ ಹಾಗೆ ಬಿರುಕು ಬಿಟ್ಟಿತ್ತು. ಆರಿಸಿದ್ದು ಅರ್ಧ ಗಂಟೆಯೊಳಗೇ ಇರಬೇಕು. ಅಂದಿನಿಂದ ಅದಕ್ಕೆ ಕರಿ ತೊಲೆ ಎಂದೇ ಹೆಸರು. ಯಜಮಾನರು ಭಯಕ್ಕೆ ಅದರ ಕೆಳಗೆ ಒಂದು ಕಂಬ ಕೊಟ್ಟರು, ಅದರ ಮೇಲಿನ ಅಟ್ಟಕ್ಕೆ ಕಾಯಿ ಹಾಕುವುದನ್ನು ನಿಲ್ಲಿಸಿದೆವು. ಹಬ್ಬಕ್ಕೆ ತೋರಣ ಕಟ್ಟುವಾಗಲೂ ಆ ತೊಲೆ ಬಿಟ್ಟು ಕಟ್ಟುತ್ತಿದ್ದೆ.

ಮಗಳು ಹೆತ್ತು ಮನೆಗೆ ಬಂದ ದಿನದಿಂದ ನಾನು ಒಲೆಗೆ ಬಿಡುವು ಕೊಡಲಿಲ್ಲ. ಬಾಣಂತಿಗೆ ಸುಡುಸುಡು ನೀರು, ಕೂಸಿಗೆ ಹದವಾದ ನೀರು, ಬಟ್ಟೆಗೆ ನೀರು. ದಿನಕ್ಕೆ ಒಂದು ಹಂಡೆ ಕಾಯುತ್ತಿದ್ದಲ್ಲಿ ಮೂರು ಹಂಡೆ. ಸಂತೋಷದಲ್ಲಿ ಚಿಪ್ಪನ್ನು ಮೊರದಲ್ಲಿ ತುಂಬಿ ತುಂಬಿ ಸುರಿಯುತ್ತಿದ್ದೆ. ಮಗಳು ಸೆಕೆ ಎಂದರೂ ಬಿಡಲಿಲ್ಲ. ಅವಳೂ ಕೂಸೂ ಚಾಪೆಯ ಮೇಲೆ, ಅವರ ಮೇಲೆ ತೊಲೆ, ತೊಲೆಯ ಮೇಲೆ ಅಟ್ಟ. ಅಟ್ಟ ತುಂಬಿರಲಿಲ್ಲ, ಹಿಂದಿನ ತಿಂಗಳಷ್ಟೇ ಕೊಬ್ಬರಿ ಸುಲಿಸಿದ್ದೆವು. ಮೂಲೆಯಲ್ಲಿ ನಾನೂರು ಐನೂರು ಕಾಯಿ ಉಳಿದಿತ್ತು ಅಷ್ಟೆ. ಅದೊಂದು ದೇವರು ಮಾಡಿದ ಉಪಕಾರ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲ ಶಾಸ್ತ್ರ ಎಂದು ಗೊತ್ತು ಮಾಡಿದೆವು. ತೊಟ್ಟಿಲ ಸರಪಣಿ ಸಿಕ್ಕಿಸಲು ತೊಲೆಯಲ್ಲಿದ್ದ ಹಳೇ ಕಬ್ಬಿಣದ ಬಳೆಗಳು ಸವೆದಿದ್ದರಿಂದ ಹೊಸದು ಹಾಕಿಸಲು ಹಳೇಬೀಡಿನ ಕಡೆಯ ಮರಗೆಲಸದ ಆಚಾರಿಯನ್ನು ಬೆಳಿಗ್ಗೆಯೇ ಬರಹೇಳಿದ್ದೆ. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಅವರ ಕೈಯ ಕೆಲಸ. ವಯಸ್ಸಾದವರು, ಮಾತು ಕಡಿಮೆ, ಆಡಿದರೆ ಖಾರ.

ಅವರು ಏಣಿ ಹತ್ತಿ ಬೈರಿಗೆಯಿಂದ ತೂತು ಕೊರೆಯತೊಡಗಿದರು. ನಾನು ಕೆಳಗೆ ನಿಂತಿದ್ದೆ. ತಲೆಯ ಮೇಲೆ ಪುಡಿ ಉದುರಿತು. ಸೆರಗಿನಿಂದ ಒರೆಸಿಕೊಂಡೆ. ಆಚಾರಿ ಕೊರೆಯುವುದನ್ನು ನಿಲ್ಲಿಸಿ, ಆ ಪುಡಿಯನ್ನು ಎರಡು ಬೆರಳಿನಲ್ಲಿ ಉಜ್ಜಿ, ಮೂಸಿ ನೋಡಿದರು. ಇನ್ನೊಂದು ಕಡೆ ಕೊರೆದರು. ಅಲ್ಲೂ ಪುಡಿಯೇ. ಇಳಿದು ಬಂದರು.

"ಅಮ್ಮಾರೆ, ಇದಕ್ಕೆ ತೊಟ್ಲು ಬ್ಯಾಡ."

ಹುಳ ಬಿದ್ದಿದೆಯಾ ಎಂದು ಕೇಳಿದೆ.

"ಹುಳ ಬಿದ್ದಿದ್ರೆ ಔಷಧಿ ಹೊಡೀಬಹುದಿತ್ತು. ಮರ ಬೆಂದೋಗೈತೆ. ಬೈರಿಗೆ ಹಾಕಿದ್ರೆ ಸುರುಳಿ ಸುರುಳಿ ಬರಬೇಕು. ನಶ್ಯ ಬಂದಂಗೆ ಬತ್ತೈತೆ ನೋಡಿ."

ನನಗೆ ಸಿಟ್ಟು ಬಂತು. ಬೆಂದಿರುವುದು ನಡುಮನೆಯದು, ಇದಕ್ಕೆ ಒಂದು ದಿನವೂ ಬೆಂಕಿ ತಾಕಿಲ್ಲ, ಕಣ್ಣಿದ್ದವರು ನೋಡಬಹುದು ಎಂದೆ.

"ಅದು ಸುಟ್ಟಿರೋದು ಕಣಮ್ಮ. ಬೆಂದಿರೋದು ಇದು."

ಇವರಿಗೆ ಹೊಸ ತೊಲೆ ಹಾಕುವ ಕೆಲಸ ಬೇಕಾಗಿದೆ ಎಂದುಕೊಂಡೆ. ಅದನ್ನು ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಆಚಾರಿ ಬೇಜಾರು ಮಾಡಿಕೊಳ್ಳಲಿಲ್ಲ, ಕಟ್ಟೆಯ ಮೇಲೆ ಕೂತು ಎಲೆಯಡಿಕೆ ತೆಗೆದರು. ಬೇಕಾದರೆ ನಡುಮನೆಯ ಕರಿ ತೊಲೆಗೆ ಕಟ್ಟಿಕೊಡುತ್ತೇನೆ, ಅದು ನೋಡಿದರೆ ಗಟ್ಟಿ ಇರುವ ಹಾಗಿದೆ ಎಂದರು. ನನಗೆ ಮೈಯೆಲ್ಲ ಉರಿಯಿತು.

ಅಷ್ಟು ಹೊತ್ತಿಗೆ ಬೀಗಿತ್ತಿ, ಎಂದರೆ ಮಗಳ ಅತ್ತೆ, ಹಗರೆಯಿಂದ ಬಂದಿಳಿದರು. ಮನೆಯಲ್ಲೇ ನಾಲ್ಕು ಹಸು ಕಟ್ಟಿದವರು, ಒಂದು ಡಬ್ಬಿ ತುಂಬಾ ಖೋವ ಮಾಡಿಕೊಂಡು ತಂದಿದ್ದರು. ಒಳಗೆ ಬಂದವರೇ ಸೊಸೆಯನ್ನೂ ಕೂಸನ್ನೂ ನೋಡಿ, ಏಣಿ ನೋಡಿ, ನನ್ನ ಮುಖ ನೋಡಿದರು.

"ಏನ್ ಬೀಗಿತ್ತಮ್ಮ, ಒಂಬತ್ತು ವರ್ಷ ಟೈಮ್ ಕೊಟ್ಟಿದ್ವಿ. ತೊಟ್ಲು ಕಟ್ಟಾಕೆ ಇವತ್ತು ಜಾಗ ಹುಡುಕ್ತಾ ಇದೀರಾ?"

ಅವರ ನಾಲಿಗೆಯೇ ಹಾಗೆ, ಮನಸ್ಸಿನಲ್ಲಿ ಏನಿಲ್ಲ. ನಾನು ಆಚಾರಿ ಹೇಳಿದ್ದನ್ನೆಲ್ಲ ಹೇಳಿದೆ. ಕರಿ ತೊಲೆ ಎಂದ ಕೂಡಲೇ ಬೀಗಿತ್ತಿ ಖೋವದ ಡಬ್ಬಿಯನ್ನು ಸದ್ದಾಗುವಂತೆ ಕೆಳಗಿಟ್ಟರು. ಸುಟ್ಟ ಮರದ ಕೆಳಗೆ ತಮ್ಮ ಮನೆಯ ಮಗುವನ್ನು ಮಲಗಿಸುವ ಮಾತೇ ಇಲ್ಲ ಎಂದರು. ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತಿಗೆ ಬಂದಿದ್ದು ಅವತ್ತೇ. ಯಜಮಾನರು ಎಂದಿನಂತೆ ಬಾಗಿಲಲ್ಲಿ ನಿಂತು ಆ ಕಡೆಗೂ ಈ ಕಡೆಗೂ ತಲೆ ಆಡಿಸಿದರು.

ಮಗಳು ಅಲ್ಲಿಯವರೆಗೆ ಚಾಪೆಯ ಮೇಲೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕುಡಿಸಿ, ತೇಗಿಸಿ, ಹೆಗಲ ಮೇಲೆ ಹಾಕಿಕೊಂಡು ನಿಧಾನವಾಗಿ ಎದ್ದಳು.

"ಅವ್ವ, ಒಂದ್ ಕಾಯಿ ತಗೊಳ್ಳೋಕೂ ನೀನು ಅಲ್ಲಾಡ್ಸಿ ಕಿವಿಗೆ ಇಟ್ಕೊಂಡು ನೋಡ್ತೀಯ. ಇದನ್ನ ನೋಡ್ದೆ ಹೆಂಗೆ ನನ್ ಮಗೂನ ಕಟ್ತೀಯ?"

ಅಷ್ಟು ಹೇಳಿ ಕೂಸನ್ನು ಎತ್ತಿಕೊಂಡು ನಡುಮನೆಗೆ ಹೋಗಿ ಕೂತುಬಿಟ್ಟಳು. ಅದಕ್ಕೆ ಮುಂಚೆ ಅವಳು ನನಗೆ ಎದುರು ಮಾತಾಡಿದ್ದು ನೆನಪಿಲ್ಲ.

ಪರೀಕ್ಷೆಯ ದಾರಿ ಹೇಳಿದ್ದು ಆಚಾರಿಯೇ. ನಮ್ಮಲ್ಲಿ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ರುಬ್ಬುವ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ತೊಡಿಸಿ ಮಗುವಿನ ಹಾಗೆ ಮಲಗಿಸಿ ತೂಗುತ್ತೇವೆ, ಆಮೇಲೆ ಕೂಸು. ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು ಹಾಗೆ ಮಾಡುವುದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು.

"ಸಂಜೆಗೆ ಹೆಂಗೂ ಗುಂಡ್ಕಲ್ಲು ಮಲಗಿಸ್ತೀರ. ಅದನ್ನ ಈಗ್ಲೇ ಮಲಗ್ಸಿ ತೂಗಿ" ಎಂದರು ಆಚಾರಿ. "ಜೊತೆಗೊಂದು ಮೂಟೆ ಕಾಯಿನೂ ಹಾಕಿ. ಕೂಸಿನ ತೂಕ ಎಷ್ಟ್ ಮಹಾ. ನಾಳೆ ಅದೇ ಕೂಸು ದೊಡ್ಡದಾಗಿ, ಓರಗೆಯವ್ರನ್ನ ಕರ್ಕೊಂಡು ಬಂದು ಜೋತು ಬೀಳ್ತದಲ್ಲ, ಆ ಲೆಕ್ಕಕ್ಕೆ."

ಅದು ನನಗೆ ನ್ಯಾಯ ಎನಿಸಿತು. ತೊಲೆ ನಿಂತರೆ ಅಲ್ಲೇ ತೊಟ್ಟಿಲು, ಆಮೇಲೆ ಅವರು ಮಾತಾಡಬಾರದು ಎಂದೆ. ಅವರು ಒಪ್ಪಿದರು. ಮಗ ಅಟ್ಟ ಹತ್ತಿ ಮೂಲೆಯ ಕಾಯಿಯನ್ನೆಲ್ಲ ಇನ್ನೊಂದು ಕಡೆಗೆ ಸಾಗಿಸಿದ. ಆಚಾರಿ ತೊಲೆಯ ಎರಡೂ ಪಕ್ಕ ಅಟ್ಟಕ್ಕೆ ಊರೆಗೋಲು ಕೊಟ್ಟರು, ತೊಲೆಯ ಕೆಳಗೂ ಒಂದು ಗೇಣು ಬಿಟ್ಟು ದಪ್ಪನೆಯ ಕೊರಡು ನಿಲ್ಲಿಸಿದರು. ಇಷ್ಟೆಲ್ಲ ಯಾಕೆ ಎಂದು ನಾನು ಗೊಣಗಿದೆ. ತೊಟ್ಟಿಲನ್ನು ಹಳೇ ಬಳೆಗೇ ಸರಪಣಿ ಹಾಕಿ ಕಟ್ಟಿದರು. ಗುಂಡುಕಲ್ಲು ಇಟ್ಟೆ. ಮಗ ಒಂದು ಮೂಟೆ ಕಾಯಿ ಇಟ್ಟ. ನನ್ನ ಕೈಯಲ್ಲೇ ತೂಗಿದೆ.

ಎರಡು ಸಲ ಹೋಗಿ ಬಂತು. ಏನೂ ಆಗಲಿಲ್ಲ. ನಾನು ಆಚಾರಿಯ ಕಡೆ ನೋಡಿದೆ. ಮೂರನೆಯ ಸಲಕ್ಕೆ ಸ್ವಲ್ಪ ಜೋರಾಗಿ ತಳ್ಳಿದೆ.

ಟಪ್ ಎಂದಿತು. ಕಾಯಿ ಒಡೆದ ಹಾಗೆ, ಅಷ್ಟೇ ಸದ್ದು. ತೊಲೆ ತೊಟ್ಟಿಲ ಬಳೆಯಿಂದ ಒಲೆಯ ಕಡೆಗೆ ಎರಡು ಮೊಳ ದೂರದಲ್ಲಿ ತುಂಡಾಗಿ ಕೊರಡಿನ ಮೇಲೆ ಕೂತಿತು. ತೊಟ್ಟಿಲು ವಾಲಿ, ಗುಂಡುಕಲ್ಲು ಉರುಳಿ ಚಾಪೆಯ ಮೇಲೆ ಬಿತ್ತು. ಅಟ್ಟದಿಂದ ಧೂಳು ಇಳಿಯಿತು. ಚಾಪೆಯ ಮೇಲೆ ಮಗಳ ದಿಂಬು ಹಾಗೇ ಇತ್ತು, ತಲೆ ಇಟ್ಟ ಗುಳಿ ಸಮೇತ. ಕಲ್ಲು ಅದಕ್ಕೆ ತಾಗಿಕೊಂಡು ನಿಂತಿತ್ತು.

ನಾನು ಹೋಗಿ ಕಟ್ಟೆಯ ಮೇಲೆ ಕೂತೆ. ಬೀಗಿತ್ತಿ ಬಂದು ಪಕ್ಕದಲ್ಲಿ ಕೂತರು. ಚುಚ್ಚುತ್ತಾರೆ ಎಂದುಕೊಂಡೆ, ಚುಚ್ಚಲಿಲ್ಲ, ನನ್ನ ಕೈ ಹಿಡಿದುಕೊಂಡರು. ಅವರ ಕೈಯೂ ತಣ್ಣಗಿತ್ತು.

ಆಚಾರಿ ಮುರಿದ ಕಡೆಯಿಂದ ಒಂದು ಮೊಳ ತುಂಡನ್ನು ಗರಗಸದಲ್ಲಿ ಕೊಯ್ದು ತಂದರು. ಹೊರಗಿನ ಬೆಲ್ಲದ ಬಣ್ಣ ಒಳಗೂ ಸಮನಾಗಿ ಹೋಗಿತ್ತು. ಎಲ್ಲೂ ಹಲಸಿನ ಹಳದಿ ಇರಲಿಲ್ಲ. ಸಿಬಿರಿಲ್ಲ, ನಾರಿಲ್ಲ, ಮುರಿದ ಜಾಗ ಬಿಸ್ಕತ್ತು ಮುರಿದ ಹಾಗೆ ನುಣ್ಣಗೆ ಅಡ್ಡ ಮುರಿದಿತ್ತು. ಅದರಿಂದ ಕೈಯಗಲದ ಒಂದು ಚಕ್ಕೆ ಸೀಳಿ ನನಗೆ ಕೊಟ್ಟು ಮುರಿಯಿರಿ ಎಂದರು. ಹಪ್ಪಳದಂತೆ ಮುರಿಯಿತು. ಹಲಸು ನನ್ನ ಕೈಯಲ್ಲಿ ಮುರಿಯುವುದು ಎಂದರೇನು.

ಒಳ್ಳೆಯ ಮರ ಮುರಿಯುವ ಮುಂಚೆ ಹೇಳಿ ಮುರಿಯುತ್ತದೆ ಎಂದು ಆಚಾರಿ ಬಿಡಿಸಿ ಹೇಳಿದರು. ಬಾಗುತ್ತದೆ, ಕಿರುಗುಟ್ಟುತ್ತದೆ, ನಾರು ಎದ್ದು ನಿಲ್ಲುತ್ತದೆ, ಮನೆಯವರಿಗೆ ಓಡಲು ಹೊತ್ತು ಕೊಡುತ್ತದೆ. ಬೆಂದ ಮರ ಹೇಳುವುದಿಲ್ಲ. ಒಂದು ಸಲ ಬಿಸಿಯಾದರೆ ಮರಕ್ಕೇನೂ ಆಗುವುದಿಲ್ಲವಂತೆ. ಬಿಸಿ ಇರುವಾಗ ಸ್ವಲ್ಪ ಮೆತ್ತಗಾಗುತ್ತದೆ, ಬಾಗಿಸಬೇಕಾದರೆ ಅವರೂ ಕಾಯಿಸಿಯೇ ಬಾಗಿಸುವುದು, ತಣ್ಣಗಾದರೆ ಬಲ ವಾಪಸು ಬರುತ್ತದೆ. ದಿನಾ, ವರ್ಷಗಟ್ಟಲೆ, ಕೈ ಇಡಲಾಗದ ಕಾವು ಕೊಟ್ಟರೆ ಮಾತ್ರ ಹೋದ ಬಲ ವಾಪಸು ಬರುವುದಿಲ್ಲ. ಹೊತ್ತಿಕೊಳ್ಳದೆ ಇದ್ದರೂ ಒಳಗಿನ ಹುರುಪೆಲ್ಲ ಹೋಗಿಬಿಡುತ್ತದೆ.

"ಯಾರ್ರೀ ಇಲ್ಲಿಗೆ ತಗಡು ಕಟ್ಟಿದ್ದು?" ಎಂದು ಕೊಳವೆ ತೋರಿಸಿ ಕೇಳಿದರು.

ಯಜಮಾನರು ನನ್ನ ಕಡೆ ನೋಡದೆ ಹೊರಗೆ ನೋಡಿದರು. ನಾನೇ ಎಂದು ಹೇಳಿದೆ. ಆಚಾರಿ ತಲೆ ಆಡಿಸಿ ಎಲೆಯಡಿಕೆ ಉಗಿಯಲು ಎದ್ದುಹೋದರು, ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಆಮೇಲೆ ಕರಿ ತೊಲೆಯ ಸರದಿ. ಮಗಳನ್ನೂ ಕೂಸನ್ನೂ ಜಗುಲಿಗೆ ಕಳಿಸಿ, ಆಚಾರಿ ಬಾಚಿ ತೆಗೆದುಕೊಂಡು ತೊಲೆಯ ಹೊಟ್ಟೆಯನ್ನು ಕೆತ್ತಿದರು. ಮೊದಲು ಇದ್ದಿಲು ಉದುರಿತು, ಬೆರಳು ದಪ್ಪದಷ್ಟು. ಆಮೇಲೆ ಕಂದು ಬಣ್ಣದ ಒಂದು ತೆಳು ಪದರ, ಚಪ್ಪಾತಿಯಷ್ಟು. ಅದರ ಕೆಳಗೆ ಹಳದಿ. ನಮ್ಮ ಮಾವನವರು ಏರಿಸಿದ ದಿನ ಹೇಗಿತ್ತೋ ಹಾಗೆ, ಹಲಸಿನ ಹಳದಿ. ಬೈರಿಗೆ ಹಾಕಿದರೆ ಉದ್ದುದ್ದ ಸುರುಳಿ ಬಂತು, ಒಂದು ಸುರುಳಿಯನ್ನು ಬೀಗಿತ್ತಿ ಕೈಯಲ್ಲಿ ಹಿಡಿದು ಎಳೆದು ನೋಡಿದರು, ತುಂಡಾಗಲಿಲ್ಲ.

ಜೋರು ಉರಿ ಬಿದ್ದಾಗ ಮರದ ಮೇಲೆ ಇದ್ದಿಲು ಕಟ್ಟಿಕೊಳ್ಳುತ್ತದೆ, ಆ ಇದ್ದಿಲೇ ಕಂಬಳಿಯ ಹಾಗೆ ಒಳಕ್ಕೆ ಕಾವು ಇಳಿಯದಂತೆ ತಡೆಯುತ್ತದೆ ಎಂದರು ಆಚಾರಿ. ಬೇಗ ಆರಿಸಿದ್ದರಿಂದ ಹೊರಗಿನ ಆ ಬೆರಳು ದಪ್ಪ ಹೋಯಿತು, ಒಳಗಿನದು ಹಾಗೇ ಉಳಿಯಿತು. ತೊಲೆ ಸ್ವಲ್ಪ ಸಣ್ಣದಾಗಿದೆ ನಿಜ, ಅಟ್ಟಕ್ಕೆ ಮೊದಲಿನಷ್ಟು ಕಾಯಿ ಹೇರಬಾರದು, ಕಂಬವನ್ನೂ ತೆಗೆಯಬಾರದು. ತೊಟ್ಟಿಲಿಗೆ ಧಾರಾಳ ಸಾಕು.

ಅದು ನನಗೆ ಆಗ ಅರ್ಥವಾಯಿತು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೊಟ್ಟಿ ತಟ್ಟುವ ಯಾವ ಹೆಂಗಸಿಗೂ ಗೊತ್ತಿರುವ ವಿಷಯ. ಉರಿ ಜೋರಾದರೆ ರೊಟ್ಟಿ ಹೊರಗೆ ಕಪ್ಪಾಗುತ್ತದೆ, ಒಳಗೆ ಮೆತ್ತಗೇ ಇರುತ್ತದೆ. ಸಣ್ಣ ಉರಿಯಲ್ಲಿ ಮರೆತು ಬಿಟ್ಟರೆ ಎಲ್ಲೂ ಸೀಯುವುದಿಲ್ಲ, ಬಣ್ಣ ಚೆನ್ನಾಗಿರುತ್ತದೆ, ಮುರಿದರೆ ಪುಡಿ ಪುಡಿ. ದಿನಾ ಎರಡು ಹೊತ್ತು ರೊಟ್ಟಿ ಮಾಡುತ್ತಾ ಪಕ್ಕದ ಕೋಣೆಯಲ್ಲಿ ಒಂದು ತೊಲೆಯನ್ನು ಹಾಗೆ ಬೇಯಿಸಿದ್ದೆ. ಬೆಂಕಿ ಕಂಡ ಕಡೆ ಹೆದರಿ ಕಂಬ ಕೊಟ್ಟೆವು, ಕಾಣದ ಕಡೆ ಮಗಳನ್ನು ಮಲಗಿಸಿದೆವು.

ಕರಿ ತೊಲೆಗೂ ಅದೇ ಪರೀಕ್ಷೆ ಆಗಲಿ ಎಂದು ಈಗ ಹಠ ಹಿಡಿದವರು ಬೀಗಿತ್ತಿ. ಆಚಾರಿ ಅದಕ್ಕೆ ಹೊಸ ಬಳೆ ಹಾಕಿ ತೊಟ್ಟಿಲು ಕಟ್ಟಿದರು. ಗುಂಡುಕಲ್ಲು, ಎರಡು ಮೂಟೆ ಕಾಯಿ. ತೊಲೆ ಮಿಸುಕಲಿಲ್ಲ. ಆಮೇಲೆ ಮೂಟೆ ಇಳಿಸಿ, ಮಗನೂ ಆಚಾರಿಯೂ ಸರಪಣಿ ಹಿಡಿದು ಇಬ್ಬರೂ ಕಾಲು ಎತ್ತಿ ಜೋತು ಬಿದ್ದರು. ಆಗಲೂ ಮಿಸುಕಲಿಲ್ಲ. ಬೀಗಿತ್ತಿಗೆ ಇನ್ನೂ ಸಮಾಧಾನವಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರ ಕಡೆ ತಿರುಗಿದರು.

"ಬೀಗ್ರೇ, ನೀವೂ ಒಂದ್ಸಲ ತೊಟ್ಲಲ್ಲಿ ಕೂತ್ಕೊಳ್ಳಿ. ಸೊಳ್ಳೆಗೆ ಬೆಂಕಿ ಹಾಕಿದ್ದು ನೀವೇ ಅಲ್ವಾ? ಬೇಕಾದ್ರೆ ನಿಮಗೂ ಒಂದು ಹೊಸ ಹೆಸರು ಇಡಾನ."

ಅವರು ನಿಜವಾಗಲೂ ಬಂದು ಕೂತರು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿಕೊಂಡು, ಎರಡು ಕೈಯಲ್ಲಿ ಸರಪಣಿ ಹಿಡಿದುಕೊಂಡು ಕೂತರು. ಮಗ ಒಂದು ಸಲ ತೂಗಿದ. ಜಗುಲಿಯಿಂದ ಇಣುಕಿದ ಮಗಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಬಾಣಂತಿ ಹಾಗೆ ನಗಬಾರದು ಎಂದು ಬೀಗಿತ್ತಿ ಗದರಿದರು, ತಾವೂ ನಗುತ್ತಲೇ. ನನಗೆ ಆಗ ಅಳು ಬಂತು. ಅದುವರೆಗೆ ಬಂದಿರಲಿಲ್ಲ.

ಮಧ್ಯಾಹ್ನ ನಾನೇ ಬಚ್ಚಲ ಕೋಣೆಗೆ ಹೋಗಿ ತಗಡಿನ ಕೊಳವೆಯನ್ನು ಕಿತ್ತು ಹಿತ್ತಲಿಗೆ ಹಾಕಿದೆ. ಮಗ ಕೀಳುತ್ತೇನೆ ಎಂದ, ಬಿಡಲಿಲ್ಲ. ಹಂಡೆಯನ್ನು ಹೊರಗಿನ ಒಲೆಗೆ ಸಾಗಿಸಿದೆವು. ಮುರಿದ ಜಾಗಕ್ಕೆ ಬೇಸಿಗೆಯೊಳಗೆ ಬೇರೆ ತೊಲೆ ಏರಿಸಬೇಕು, ಅಲ್ಲಿಯವರೆಗೆ ಆ ಕೋಣೆಗೆ ಬೀಗ. ಬಾಣಂತಿಗೆ ನಡುಮನೆಯಲ್ಲೇ ಹಾಸಿಗೆ ಹಾಸಿ, ಗಾಳಿ ಬಾರದಂತೆ ಕಿಟಕಿಗೆ ಕಂಬಳಿ ಕಟ್ಟಿದೆ. ನಡುಮನೆ ಬಚ್ಚಲ ಕೋಣೆಯಷ್ಟು ಬೆಚ್ಚಗಿಲ್ಲ. ಕೂಸಿಗೆ ಅಷ್ಟು ಸೆಕೆ ಬೇಕಾಗಿಯೂ ಇರಲಿಲ್ಲ ಎಂದು ಅದು ಅವತ್ತು ಮಲಗಿದ ನಿದ್ದೆ ನೋಡಿದರೆ ಗೊತ್ತಾಗುತ್ತಿತ್ತು.

ದೀಪ ಹಚ್ಚಿದ ಮೇಲೆ ಶಾಸ್ತ್ರ. ಕೆತ್ತಿದ ಜಾಗದಲ್ಲಿ ತೊಲೆ ಹಳದಿ, ಉಳಿದ ಕಡೆ ಕಪ್ಪು. ಬೀಗಿತ್ತಿಯೇ ಸ್ಟೂಲು ಹತ್ತಿ ಅದಕ್ಕೆ ಚೆಂಡು ಹೂವಿನ ಹಾರ ಸುತ್ತಿದರು. ಹಾಲು ಕರೆದು, ಹಸುಗಳಿಗೆ ಹುಲ್ಲು ಹಾಕಿ ಹಗರೆಯಿಂದ ಬೈಕಿನಲ್ಲಿ ಓಡಿಬಂದ ಅಳಿಯ ಮುಖ ತೊಳೆದು ಬಂದು ನಿಂತರು. ಬೆಳಿಗ್ಗೆ ಏನಾಯಿತು ಎಂದು ಅವರಿಗೆ ಹೇಳಿದ್ದು ಮಗಳು. ಅವರು ಮುರಿದ ತೊಲೆಯನ್ನು ಒಂದು ಸಲ ಹೋಗಿ ನೋಡಿ ಬಂದರು, ನನ್ನನ್ನು ಏನೂ ಕೇಳಲಿಲ್ಲ. ಹೆಂಗಸರು ಸುತ್ತ ನಿಂತರು. ಕಲ್ಲು ಮಲಗಿಸಿ ತೆಗೆದರು, ಕೂಸನ್ನು ಮಲಗಿಸಿದರು. ನನಗೆ ತೂಗು ಎಂದರು. ಬೆಳಿಗ್ಗೆ ತಳ್ಳಿದ ಕೈ ಅದು, ತೊಟ್ಟಿಲು ಮುಟ್ಟಲು ಹೆದರಿಕೆಯಾಯಿತು. ಮಗಳು ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ತಳ್ಳಿದಳು. ಸರಪಣಿ ಕಿರ್ರೆಂದಿತು, ತೊಲೆ ಸುಮ್ಮನಿತ್ತು. ಕೂಸು ಕಣ್ಣು ಬಿಟ್ಟು ಮೇಲೆ ಹೂವಿನ ಹಾರ ಇರುವ ಕಡೆಗೇ ನೋಡುತ್ತಿತ್ತು. ಅದಕ್ಕೆ ಕಂಡಿತೋ ಇಲ್ಲವೋ. ಅಪ್ಪನ ಮನೆಯ ಕಡೆಯಿಂದ ಅತ್ತೆ ವರಸೆಯವರು ಕಿವಿಯಲ್ಲಿ ಹೆಸರು ಹೇಳಿದರು.

ಊಟಕ್ಕೆ ನಡುಮನೆಯಲ್ಲೇ ಎಲೆ ಹಾಕಿದೆವು. ಆಚಾರಿ ಹೊರಟಿದ್ದರು. ಯಜಮಾನರು ಅವರ ಚೀಲ ಕಿತ್ತುಕೊಂಡು ಒಳಗಿಟ್ಟು ಕೂರಿಸಿದರು. ಹೋಳಿಗೆ, ಕೋಸಂಬರಿ, ಹುಳಿಯನ್ನ, ಹಪ್ಪಳ, ಬೀಗಿತ್ತಿಯ ಖೋವದಲ್ಲಿ ಮಾಡಿದ ಪಾಯಸ. ಮಗಳಿಗೆ ಮಾತ್ರ ಮೆಣಸಿನ ಸಾರು, ಬೆಳ್ಳುಳ್ಳಿ ಚಟ್ನಿ, ಅನ್ನಕ್ಕೆ ತುಪ್ಪ. ಅವಳು ಹೋಳಿಗೆಯ ಕಡೆ ನೋಡುತ್ತಿದ್ದಳು, ಬೀಗಿತ್ತಿ ಯಾರಿಗೂ ಕಾಣದಂತೆ ಕಾಲು ಹೋಳಿಗೆ ಅವಳ ಎಲೆಗೆ ಜಾರಿಸಿದರು. ನನಗೆ ಕಂಡಿತು. ಮಗ ನೆಲದ ಮೇಲೆ ಕೂತು ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದ. ಬಡಿಸುತ್ತಾ ನಿಂತಿದ್ದ ನನ್ನನ್ನು ಬೀಗಿತ್ತಿ ಸೆರಗು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿದರು. ಅಳಿಯ ಎದ್ದು ಬಂದು ನನಗೆ ಎಲೆ ಹಾಕಿ, ಎರಡು ಹೋಳಿಗೆ ಬಡಿಸಿ, ಮೇಲೆ ಹಾಲು ಹೊಯ್ದರು.